ಪಗಾರ ಒಂದೇ, ಭಾರ ಒಂದೇ ಅಲ್ಲ



ಬ್ಯಾಂಕಿನಲ್ಲಿ ಅಧಿಕಾರಿಯಾಗಿರುವ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಗಲಗಲಿಗೆ ಬಂದವನು ನಮ್ಮ ಮನೆಗೂ ಬಂದಿದ್ದ. ಅವನ ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸದು. ವಿಶೇಷ ಶಾಲೆಯ ಶುಲ್ಕ, ಮಾತಿನ ತರಬೇತಿ, ಶ್ರವಣ ಸಾಧನ ಎಂದು ಖರ್ಚಿನ ಪಟ್ಟಿ ಹೇಳಿ, "ಸರ, ನನ್ನ ಬಾಜೂ ಕುಂದ್ರೋನಿಗೂ ನನಗೂ ಪಗಾರ ಒಂದ ಐತ್ರಿ, ಟ್ಯಾಕ್ಸೂ ಒಂದ ಐತ್ರಿ. ಮನಿ ಖರ್ಚು ಒಂದ ಐತೇನ್ರಿ?" ಎಂದ. ಲೆಕ್ಕ ಕಲಿಸಿದ ಮೇಷ್ಟ್ರಾದ ನನ್ನಲ್ಲಿ ಉತ್ತರವಿರಲಿಲ್ಲ.

ಕಾನೂನಿನಲ್ಲಿ ರಿಯಾಯಿತಿಯೇ ಇಲ್ಲವೆಂದಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿ ಕಲಮು ಅವಲಂಬಿತ ಅಂಗವಿಕಲರ ಚಿಕಿತ್ಸೆ, ತರಬೇತಿ, ಪುನರ್ವಸತಿಗಾಗಿ 75,000 ರೂಪಾಯಿ, ತೀವ್ರ ವೈಕಲ್ಯವಿದ್ದರೆ 1,25,000 ರೂಪಾಯಿಗಳನ್ನು ಆದಾಯದಿಂದ ಕಳೆಯಲು ಅವಕಾಶವಿತ್ತಿತು. 'ಶಿಕ್ಷಣ' ಎಂಬ ಪದ ಅಲ್ಲಿಲ್ಲ. 2015ರಲ್ಲಿ ನಿಗದಿಯಾದ ಈ ಮೊತ್ತ 2025ರ ಮುಂಗಡಪತ್ರದಲ್ಲೂ ಏರಲಿಲ್ಲ. ಶೇಕಡಾ 30ರ ಹಂತದಲ್ಲಿರುವವನಿಗೆ 75,000ದಿಂದ ಉಳಿಯುವುದು ಸೆಸ್ ಸೇರಿ 23,400 ರೂಪಾಯಿ, ಅಂದರೆ ತಿಂಗಳಿಗೆ 1,950.

ಈ ಅಲ್ಪ ರಿಯಾಯಿತಿಯೂ 2020ರಲ್ಲಿ ಬಂದ ಹೊಸ ತೆರಿಗೆ ಪದ್ಧತಿಯಲ್ಲಿಲ್ಲ. ಬೇಕಾದವರು ಹಳೆಯ ಪದ್ಧತಿ ಆರಿಸಿಕೊಳ್ಳಲಿ ಎನ್ನುತ್ತಾರೆ. ಆದರೆ ಹಾಗೆ ಆರಿಸಿಕೊಂಡರೆ ಹೊಸದರ ಕಡಿಮೆ ದರ ಕೈತಪ್ಪುತ್ತದೆ. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಸಿದಂತಾಯಿತಲ್ಲವೇ? ತೆರಿಗೆ ಸರಳವಾಗಬೇಕೆಂಬುದು ಸರಕಾರದ ವಾದ. ಒಪ್ಪೋಣ. ಆದರೆ ನೌಕರನ ಪಿಂಚಣಿ ಖಾತೆಗೆ ಮಾಲೀಕ ತುಂಬುವ ಹಣಕ್ಕೆ ಅದೇ ಹೊಸ ಪದ್ಧತಿಯಲ್ಲಿ ವಿನಾಯಿತಿಯುಂಟು! ಅದರಿಂದ ಕೆಡದ ಸರಳತೆ, ಕಿವಿ ಕೇಳದ ಮಗುವಿನ ಶಾಲಾ ಶುಲ್ಕದಿಂದ ಕೆಡುವುದೇ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ, 6ರಿಂದ 18 ವರ್ಷದ ಪ್ರತಿ ಮಗುವಿಗೂ ನೆರೆಯ ಶಾಲೆಯಲ್ಲಿ ಅಥವಾ ತಾನು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ಆ ಮಾತನ್ನು ನಡೆಸಿದ್ದರೆ ಈ ತಂದೆ ಶುಲ್ಕ ಕಟ್ಟಬೇಕಾಗಿರಲಿಲ್ಲ. ಸರಕಾರ ಮಾಡಬೇಕಾದ ಖರ್ಚನ್ನು ಅವನು ಮಾಡುತ್ತಿದ್ದಾನೆ. ಆ ಹಣದ ಮೇಲೂ ಸರಕಾರ ತೆರಿಗೆ ಪಡೆಯುತ್ತಿದೆ.

ಆದ್ದರಿಂದ ಇಂಥ ಮಕ್ಕಳ ಶಿಕ್ಷಣ ವೆಚ್ಚವನ್ನು ಎರಡೂ ಪದ್ಧತಿಗಳಲ್ಲಿ ಆದಾಯದಿಂದ ಕಳೆಯಲು ಬಿಡಬೇಕು. ನಮ್ಮೂರಿನ ಕಬ್ಬಿನ ರೈತ, ಬನಹಟ್ಟಿಯ ನೇಕಾರ ಆದಾಯ ತೆರಿಗೆಯನ್ನೇ ಕಟ್ಟದಿದ್ದರೆ ಅವರಿಗೆ ಇದರಿಂದ ಫಲವಿಲ್ಲ. ಅಷ್ಟೇ ನೆರವು ಅವರ ಖಾತೆಗೆ ನೇರವಾಗಿ ಜಮೆಯಾಗಬೇಕು. ಇದು ದಯೆಯಲ್ಲ, ಬಾಕಿ. ನಿಮ್ಮಲ್ಲಿ ಲೆಕ್ಕಪರಿಶೋಧಕರಿದ್ದೀರಿ, ವಕೀಲರಿದ್ದೀರಿ. ಈ ಲೆಕ್ಕವನ್ನು ನಿಮ್ಮ ಸಂಸದರ ಮುಂದಿಡಿರಿ. ಗುರುದಕ್ಷಿಣೆ ಕೇಳಿದವನಲ್ಲ ನಾನು, ಇದೊಂದನ್ನು ಕೇಳುತ್ತಿದ್ದೇನೆ.