ವರ್ಷದ ಶ್ರೇಷ್ಠ ಆಲ್ಬಂ ಯಾವುದು? ಮೊದಲು ತಕ್ಕಡಿ ಸರಿಯಾಗಲಿ

ವರ್ಷವು ಮುಗಿಯುತ್ತ ಬಂದಿತೆಂದರೆ ಸಂಗೀತಪ್ರಿಯರಲ್ಲಿ ಒಂದು ವಾದವು ತಪ್ಪದೆ ತಲೆಯೆತ್ತುವುದು. ಈ ವರ್ಷ ಹೊರಬಂದ ಆಲ್ಬಂಗಳಲ್ಲಿ ಶ್ರೇಷ್ಠವಾದುದು ಯಾವುದು? ಲಂಡನ್, ನ್ಯೂಯಾರ್ಕ್ ನಗರಗಳ ಪತ್ರಿಕೆಗಳು ಡಿಸೆಂಬರ್ ತಿಂಗಳಲ್ಲಿ ಉದ್ದವಾದ ಪಟ್ಟಿಗಳನ್ನೇ ಪ್ರಕಟಿಸುವುವು. ಬಸವಕಲ್ಯಾಣದ ಪಕ್ಕದಲ್ಲಿರುವ ನಮ್ಮ ನಾರಾಯಣಪುರದಲ್ಲಿ ಅಂಥ ಪಟ್ಟಿಯೇನೂ ಅಚ್ಚಾಗುವುದಿಲ್ಲ. ಆದರೆ ವಾದಕ್ಕೆ ಮಾತ್ರ ಕೊರತೆಯಿಲ್ಲ. ಸಂಜೆ ಚಹಾದ ಅಂಗಡಿಯ ಮುಂದೆ ನಾಲ್ವರು ಕಲೆತರೆ, ಒಬ್ಬರು ವಚನಗಾಯನದ ಹೊಸ ಆಲ್ಬಂ ಒಂದನ್ನು ಎತ್ತಿಹಿಡಿಯುವರು. ಇನ್ನೊಬ್ಬರು ಭಾವಗೀತೆಗಳ ಪಕ್ಷವನ್ನು ವಹಿಸುವರು. ಮೂರನೆಯವರು ಮಲ್ಲಿಕಾರ್ಜುನ ಮನಸೂರ, ಸಿದ್ಧರಾಮ ಜಂಬಲದಿನ್ನಿಯವರ ಹಳೆಯ ಧ್ವನಿಮುದ್ರಣಗಳನ್ನು ನೆನೆದು ಹೊಸದೆಲ್ಲದಕ್ಕೂ ಮೂಗು ಮುರಿಯುವರು. ಹೊತ್ತು ಮುಳುಗಿದರೂ ವಾದವು ಮುಗಿಯದು.

ಇಂಥ ವಾದವನ್ನು ಹರಟೆಯೆಂದು ತಳ್ಳಿಹಾಕುವವರ ಗುಂಪಿಗೆ ನಾವು ಸೇರಿದವರಲ್ಲ. ಈ ನೆಲದಲ್ಲಿ ಅದಕ್ಕೆ ಹಳೆಯ ಗೌರವವುಂಟು. ಚಾಲುಕ್ಯರ ಕಾಲದ ಶಿವಾಲಯವು ನಮ್ಮ ಊರಿನಲ್ಲಿ ಇಂದಿಗೂ ನಿಂತಿರುವುದು. ಆ ಅರಸರು ಕಲ್ಯಾಣದಿಂದ ಆಳುತ್ತಿದ್ದ 12ನೆಯ ಶತಮಾನದಲ್ಲಿ ಮೂರನೆಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದಲ್ಲಿ ಗೀತ, ವಾದ್ಯ, ನೃತ್ಯಗಳನ್ನು ಅರಸನ ವಿನೋದಗಳೊಡನೆ ವಿಸ್ತಾರವಾಗಿ ವಿವರಿಸಿದನು. ಅವನ ಮಗ ಜಗದೇಕಮಲ್ಲನ ಹೆಸರಿನಲ್ಲಿ 'ಸಂಗೀತಚೂಡಾಮಣಿ' ಎಂಬ ಗ್ರಂಥವೇ ಇದೆ. ಒಳ್ಳೆಯ ಗಾನ ಯಾವುದು ಎಂಬ ಪ್ರಶ್ನೆಯು ಇಲ್ಲಿ ಸುಮಾರು ಒಂಬೈನೂರು ವರ್ಷಗಳ ಹಿಂದೆಯೇ ಶಾಸ್ತ್ರದ ವಿಷಯವಾಗಿದ್ದಿತು. ಆದುದರಿಂದ, ವಿದ್ಯಾರ್ಥಿ ಮಿತ್ರರೇ, ವಾದವನ್ನು ನಿಲ್ಲಿಸಿರೆಂದು ನಾವು ಹೇಳುವುದಿಲ್ಲ. ವಾದಿಸುವ ಮೊದಲು ತಕ್ಕಡಿಯನ್ನು ಸರಿಮಾಡಿಕೊಳ್ಳಿರೆಂದು ಮಾತ್ರ ಕೇಳುವೆವು.

ನಾವು ಹೀಗೆ ಕೇಳುವುದಕ್ಕೆ ನಮ್ಮದೇ ಒಂದು ತಪ್ಪು ಕಾರಣ. ಕಳೆದ ವರ್ಷದ ಕೊನೆಯಲ್ಲಿ ಗೆಳೆಯರ ಕೂಟವೊಂದರಲ್ಲಿ ವಚನಗಾಯನದ ಎರಡು ಆಲ್ಬಂಗಳನ್ನು ಒಂದರ ಹಿಂದೊಂದು ಕೇಳಿದೆವು. ಒಂದು, ದೊಡ್ಡ ನಗರದ ಸ್ಟುಡಿಯೋದಲ್ಲಿ ಹತ್ತಾರು ವಾದ್ಯಗಳೊಡನೆ ಸಿದ್ಧವಾದುದು. ಇನ್ನೊಂದು, ತಂಬೂರಿ, ಹಾರ್ಮೋನಿಯಂ, ತಬಲಾಗಳೊಡನೆ ಹೊಸ ಗಾಯಕಿಯೊಬ್ಬರು ಹಾಡಿದುದು. ಧ್ವನಿವರ್ಧಕದ ಗುಂಡಿಯನ್ನು ಯಾರೂ ಮುಟ್ಟಲಿಲ್ಲ. "ಇದ್ರಾಗ ದನಿ ತುಂಬಿ ಬರ್ತದ್ರಿ ಸರ್" ಎಂದು ಒಬ್ಬರು ಮೊದಲನೆಯದನ್ನು ಹೊಗಳಿದರು. ನಾವೂ ತಲೆದೂಗಿ ಅದಕ್ಕೇ ಕೈಯೆತ್ತಿದೆವು. ಕೆಲವು ದಿನಗಳ ತರುವಾಯ ರಾತ್ರಿಯ ನಿಶ್ಶಬ್ದದಲ್ಲಿ ಎರಡನೆಯದನ್ನು ಸ್ವಲ್ಪ ಏರಿಸಿಟ್ಟು ಕೇಳಿದಾಗ ನಮಗೆ ನಾಚಿಕೆಯಾಯಿತು. ವಚನದ ಮಾತು ಮಾತಿನ ನಡುವೆ ಆ ಗಾಯಕಿಯು ಬಿಡುತ್ತಿದ್ದ ಬಿಡುವು, ಸ್ವರವು ಕರಗಿ ತಂಬೂರಿಯೊಳಗೆ ಸೇರುತ್ತಿದ್ದ ಬಗೆ, ಇವು ಅಂದು ನಮ್ಮ ಕಿವಿಗೇ ಬಿದ್ದಿರಲಿಲ್ಲ. ಪ್ರಯೋಗಶಾಲೆಯಲ್ಲಿ ಅಳೆದು ನೋಡಿದರೆ ಎರಡು ಮುದ್ರಣಗಳ ಸರಾಸರಿ ಮಟ್ಟಗಳಲ್ಲಿ ಸುಮಾರು 6 ಡೆಸಿಬೆಲ್‌ಗಳ ಅಂತರವಿದ್ದಿತು. ಎಂದರೆ ಮೊದಲನೆಯದು ನಾಲ್ಕು ಪಟ್ಟು ಹೆಚ್ಚು ಶಕ್ತಿಯಿಂದ ನಮ್ಮ ಕಿವಿಯನ್ನು ತಟ್ಟುತ್ತಿದ್ದಿತು. ನಾವು ಆರಿಸಿದ್ದು ಗಾನವನ್ನಲ್ಲ, ಗಟ್ಟಿತನವನ್ನು.

ಇದು ನಮ್ಮೊಬ್ಬರ ಮೋಸವೇ ಎಂದು ತಿಳಿಯಲು ತರಗತಿಯಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿದೆವು. ಒಂದೇ ಹಾಡಿನ ಎರಡು ಪ್ರತಿಗಳನ್ನು ಸಿದ್ಧಪಡಿಸಿ, ಒಂದನ್ನು ಕೇವಲ 2 ಡೆಸಿಬೆಲ್ ಏರಿಸಿ, ಯಾವುದರ ಗುಣ ಮೇಲೆಂದು ವಿದ್ಯಾರ್ಥಿಗಳನ್ನು ಕೇಳಿದೆವು. "ಇದು ಗಟ್ಟಿಯಾಗಿದೆ" ಎಂದು ಹೇಳಿದವರು ವಿರಳ. "ಇದರಲ್ಲಿ ಮಾತು ಸ್ಪಷ್ಟ", "ತಬಲಾ ಚೆನ್ನಾಗಿ ಕೇಳುವುದು", "ಹಾಡುವವರಿಗೆ ಭಾವ ಹೆಚ್ಚು" ಎಂದು ಬಹುಮಂದಿ ಏರಿಸಿದ ಪ್ರತಿಯನ್ನೇ ಮೆಚ್ಚಿದರು. ಹಾಡಿದವರು ಒಬ್ಬರೇ, ಹಾಡೂ ಒಂದೇ ಎಂದು ಹೇಳಿದಾಗ ತರಗತಿಯೆಲ್ಲ ನಕ್ಕಿತು.

ಹೀಗಾಗುವುದಕ್ಕೆ ಕಾರಣವು ನಮ್ಮ ಕಿವಿಯ ರಚನೆಯಲ್ಲಿದೆ. ಅಮೆರಿಕದ ಬೆಲ್ ಪ್ರಯೋಗಶಾಲೆಯ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ ಒಂದು ಸಂಗತಿಯು ಸ್ಪಷ್ಟವಾಯಿತು. ಕಿವಿಯು ಎಲ್ಲ ಆವೃತ್ತಿಗಳನ್ನೂ ಸಮನಾಗಿ ಕೇಳುವುದಿಲ್ಲ. ಮಧ್ಯದ ಸ್ವರಗಳಿಗೆ ಅದು ಬಹು ಸೂಕ್ಷ್ಮ. ತೀರ ತಗ್ಗಿನ ಮಂದ್ರಕ್ಕೆ ಮಂದ. ಶಬ್ದವು ಸಣ್ಣದಾದಷ್ಟೂ ಈ ತಾರತಮ್ಯವು ಹೆಚ್ಚುವುದು. ಆದುದರಿಂದ ಅದೇ ಹಾಡನ್ನು ಗಟ್ಟಿಯಾಗಿ ನುಡಿಸಿದಾಗ, ಅಡಗಿದ್ದ ಮಂದ್ರವು ಮೇಲೆದ್ದು ಬಂದು ಧ್ವನಿಯು 'ತುಂಬಿ' ಬಂದಂತೆ ತೋರುವುದು. ಅಂತರವು ಚಿಕ್ಕದಾಗಿದ್ದರೆ ಮೋಸವು ಇನ್ನೂ ಹೆಚ್ಚು. ಏಕೆಂದರೆ ಆಗ ಗಟ್ಟಿತನವು ಗಟ್ಟಿತನವೆಂದು ಗೊತ್ತಾಗದೆ ಗುಣವೆಂದೇ ಭಾಸವಾಗುವುದು.

ಧ್ವನಿಮುದ್ರಣವನ್ನು ಮಾರುವವರು ಈ ಗುಟ್ಟನ್ನು ಬಹುಕಾಲದಿಂದ ಬಲ್ಲರು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ತಟ್ಟೆಯಲ್ಲಿ ಶಬ್ದದ ಪ್ರತಿಯೊಂದು ಮಾದರಿಯನ್ನೂ 16 ಬಿಟ್‌ಗಳಲ್ಲಿ, ಎಂದರೆ 65,536 ಮೆಟ್ಟಿಲುಗಳಲ್ಲಿ ಗುರುತಿಸುವರು. ಕಟ್ಟಕಡೆಯ ಮೆಟ್ಟಿಲಿನಾಚೆಗೆ ಏರಲು ಅವಕಾಶವಿಲ್ಲ. ಶಬ್ದವನ್ನು ಇನ್ನೂ ಗಟ್ಟಿಮಾಡಬೇಕಾದರೆ ಒಂದೇ ಉಪಾಯ: ಎತ್ತರದ ಶಿಖರಗಳನ್ನು ಕತ್ತರಿಸಿ, ಉಳಿದುದೆಲ್ಲವನ್ನೂ ಮೇಲಕ್ಕೆತ್ತುವುದು. ಪಿಸುಮಾತೂ ಕೂಗೂ ಒಂದೇ ಮಟ್ಟಕ್ಕೆ ಬರುವುವು. ಹೊಲದ ದಿಣ್ಣೆ ತಗ್ಗುಗಳನ್ನು ಸಮಮಾಡಿದರೆ ಬೆಳೆಗೆ ಒಳ್ಳೆಯದಾಗಬಹುದು, ಸಂಗೀತದಲ್ಲಿ ಹಾಗಲ್ಲ. ಏರಿಳಿತವೇ ಅದರ ಜೀವ. 2008ರಲ್ಲಿ ಮೆಟಾಲಿಕಾ ಎಂಬ ಅಮೆರಿಕದ ವಾದ್ಯತಂಡದ 'ಡೆತ್ ಮ್ಯಾಗ್ನೆಟಿಕ್' ಎಂಬ ಆಲ್ಬಂ ಹೊರಬಂದಾಗ, ಅದನ್ನು ಹೀಗೆ ಅತಿಯಾಗಿ ಅದುಮಿರುವರೆಂದು ಆ ತಂಡದ ಅಭಿಮಾನಿಗಳೇ ಸಾವಿರಾರು ಸಂಖ್ಯೆಯಲ್ಲಿ ಸಹಿಮಾಡಿ ಮನವಿ ಸಲ್ಲಿಸಿದರು. ಕಿವಿಯನ್ನು ಪಳಗಿಸಿಕೊಂಡ ಕೇಳುಗನು ಮೋಸವನ್ನು ಕಂಡುಹಿಡಿಯಬಲ್ಲನೆಂಬುದಕ್ಕೆ ಇದು ಸಾಕ್ಷಿ.

ಇದಕ್ಕೆ ಪರಿಹಾರವು ಕಷ್ಟದ್ದಲ್ಲ. ಗಟ್ಟಿತನವನ್ನು ಅಳೆಯುವ ಕ್ರಮವೊಂದನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 2006ರಲ್ಲಿ ಪ್ರಕಟಿಸಿತು. ಹಾಡುಗಳನ್ನು ಒದಗಿಸುವ ಹಲವು ಸಂಸ್ಥೆಗಳು ಈಗ ಅದರ ಆಧಾರದಿಂದ ಎಲ್ಲ ಹಾಡುಗಳನ್ನೂ ಒಂದು ಮಟ್ಟಕ್ಕೆ ತರುತ್ತಿವೆ. ಆದರೆ ಮೊಬೈಲ್‌ನಿಂದ ಮೊಬೈಲ್‌ಗೆ ಕೈಬದಲಾಗುವ ಹಾಡುಗಳಿಗೆ ಈ ರಕ್ಷಣೆ ಇಲ್ಲ. ಅಲ್ಲಿ ನಾವೇ ಜಾಗರೂಕರಾಗಬೇಕು. ಶಬ್ದಮಟ್ಟವನ್ನು ತೋರಿಸುವ ಆ್ಯಪ್ ಇರುವ ಮೊಬೈಲನ್ನು ಕೇಳುವವರು ಕೂರುವ ಜಾಗದಲ್ಲಿಟ್ಟು, ಪ್ರತಿ ಹಾಡಿನ ಒಂದೊಂದು ನಿಮಿಷವನ್ನು ನುಡಿಸಿ, ಸರಾಸರಿಗಳು ಒಂದಾಗುವವರೆಗೆ ಗುಂಡಿಯನ್ನು ತಿರುಗಿಸಿದರೆ ಸಾಕು. ನಿಖರತೆ ಸಾಲದಾದರೂ ಏನೂ ಅಳೆಯದಿರುವುದಕ್ಕಿಂತ ಅದು ಎಷ್ಟೋ ಮೇಲು.

ತಕ್ಕಡಿಯ ಎರಡನೆಯ ದೋಷವು ಹೆಸರು. ದೊಡ್ಡ ಹೆಸರನ್ನು ಕೇಳಿದೊಡನೆ ಕಿವಿಯು ತಲೆಬಾಗುವುದು. ಮುನ್ನೂರು ವರ್ಷಗಳ ಹಿಂದಿನ ಇಟಲಿಯ ಸ್ಟ್ರಾಡಿವೇರಿಯಸ್ ಪಿಟೀಲುಗಳಿಗೆ ಸಾಟಿಯಿಲ್ಲವೆಂಬ ನಂಬಿಕೆಯು ಲೋಕಪ್ರಸಿದ್ಧವಾದುದು. ಕ್ಲೌಡಿಯಾ ಫ್ರಿಟ್ಸ್ ಮತ್ತು ಸಂಗಡಿಗರು 21 ಮಂದಿ ನುರಿತ ವಾದಕರಿಗೆ, ಕೈಯಲ್ಲಿರುವುದು ಯಾವುದೆಂದು ಗುರುತು ಸಿಗದಂತೆ ಮಾಡಿ, ಹಳೆಯ ಮತ್ತು ಹೊಸ ಪಿಟೀಲುಗಳನ್ನು ನುಡಿಸಲು ಕೊಟ್ಟರು. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೆಚ್ಚಿನವರು ಮೆಚ್ಚಿದ್ದು ಹೊಸ ವಾದ್ಯವನ್ನು. ಹಳೆಯದು ಯಾವುದು, ಹೊಸದು ಯಾವುದು ಎಂದು ನಂಬಿಕೆಯಿಂದ ಹೇಳಲು ಬಹುಮಂದಿಗೆ ಆಗಲಿಲ್ಲ.

ಮೂರನೆಯ ದೋಷವು ನೆರೆಯವರ ಮೆಚ್ಚುಗೆ. "ಇದನ್ನು ಇಷ್ಟು ಲಕ್ಷ ಮಂದಿ ಕೇಳಿರುವರು" ಎಂಬ ಮಾತು ವಾದದಲ್ಲಿ ಎಷ್ಟು ಸಲ ಬರುವುದಿಲ್ಲ! ಸಾಲ್ಗಾನಿಕ್, ಡಾಡ್ಸ್ ಮತ್ತು ವಾಟ್ಸ್ ಎಂಬ ಸಂಶೋಧಕರು 2006ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ಇಲ್ಲಿ ನೆನೆಯಬೇಕು. ಅಜ್ಞಾತ ತಂಡಗಳ 48 ಹಾಡುಗಳನ್ನು ಅವರು 14,341 ಮಂದಿಯ ಮುಂದಿಟ್ಟರು. ಕೆಲವರಿಗೆ ಇತರರ ಆಯ್ಕೆಯು ಕಾಣದಂತೆ ಮಾಡಿದರು. ಉಳಿದವರನ್ನು ಎಂಟು ಬೇರೆ ಬೇರೆ ಗುಂಪುಗಳಾಗಿ ವಿಂಗಡಿಸಿ, ಯಾವ ಹಾಡನ್ನು ಎಷ್ಟು ಮಂದಿ ಪಡೆದುಕೊಂಡರೆಂಬುದನ್ನು ಆಯಾ ಗುಂಪಿನೊಳಗೆ ತೋರಿಸಿದರು. ಎಣಿಕೆಯು ಕಂಡ ಕಡೆ ಮುಂದಿದ್ದ ಹಾಡುಗಳು ಮತ್ತಷ್ಟು ಮುಂದಾದುವು. ಆದರೆ ಒಂದು ಗುಂಪಿನಲ್ಲಿ ಮೆರೆದ ಹಾಡು ಮತ್ತೊಂದರಲ್ಲಿ ಮೂಲೆಗೆ ಬಿದ್ದಿತು. ತೀರ ಉತ್ತಮವಾದುವು ಸೋತುದು ವಿರಳ, ತೀರ ಕಳಪೆಯಾದುವು ಗೆದ್ದುದೂ ವಿರಳ. ನಡುವಿನವುಗಳ ಗತಿಯನ್ನು ಮಾತ್ರ ಯಾರೂ ಮೊದಲೇ ಹೇಳುವಂತಿರಲಿಲ್ಲ. ಹಾಗಾದರೆ ಕೇಳುಗರ ಲಕ್ಷಗಳ ಎಣಿಕೆಯು ಗುಣವನ್ನಷ್ಟೇ ಅಲ್ಲ, ಮೊದಲು ಯಾರು ಯಾವುದನ್ನು ಮುಟ್ಟಿದರೆಂಬ ಆಕಸ್ಮಿಕವನ್ನೂ ಎಣಿಸುತ್ತಿರುವುದು.

ಹೆಸರು ಮುಚ್ಚಿ, ಮಟ್ಟ ಸಮಮಾಡಿ ಕೇಳಿದ ಮೇಲೆಯೂ ಮತ ಎಣಿಸುವಾಗ ಎಡವಬಹುದು. ಒಂಬತ್ತು ಮಂದಿ ಗೆಳೆಯರು ಅ, ಇ, ಉ ಎಂಬ ಮೂರು ಆಲ್ಬಂಗಳನ್ನು ಕೇಳಿದರೆನ್ನಿರಿ. ನಾಲ್ವರಿಗೆ ಅ ಮೊದಲು, ಇ ಎರಡನೆಯದು, ಉ ಕೊನೆಯದು. ಮೂವರಿಗೆ ಇ ಮೊದಲು, ಉ ಎರಡನೆಯದು, ಅ ಕೊನೆಯದು. ಇಬ್ಬರಿಗೆ ಉ ಮೊದಲು, ಇ ಎರಡನೆಯದು, ಅ ಕೊನೆಯದು. ಮೊದಲ ಸ್ಥಾನಗಳನ್ನಷ್ಟೇ ಎಣಿಸಿದರೆ ನಾಲ್ಕು ಮತಗಳಿಂದ ಅ ಗೆಲ್ಲುವುದು. ಆದರೆ ಅ ಮತ್ತು ಇ ಎರಡನ್ನೇ ಎದುರುಬದುರಾಗಿ ನಿಲ್ಲಿಸಿದರೆ ಐವರು ಇ ಕಡೆಗಿರುವರು; ಅ ಮತ್ತು ಉ ನಿಂತರೆ ಐವರು ಉ ಕಡೆಗೆ. ಎರಡಕ್ಕೂ ಸೋಲುವ ಆಲ್ಬಂ ವರ್ಷದ ಶ್ರೇಷ್ಠವೆಂದು ಘೋಷಿತವಾಯಿತು! 18ನೆಯ ಶತಮಾನದ ಫ್ರಾನ್ಸಿನಲ್ಲಿಯೇ ಬೋರ್ಡಾ, ಕಾಂಡೋರ್ಸೆ ಎಂಬ ಪಂಡಿತರು ಈ ತೊಡಕನ್ನು ತೋರಿಸಿಕೊಟ್ಟಿದ್ದರು. ಬೋರ್ಡಾನ ಕ್ರಮದಂತೆ ಮೊದಲ ಸ್ಥಾನಕ್ಕೆ 2, ಎರಡನೆಯದಕ್ಕೆ 1 ಅಂಕ ಕೊಟ್ಟರೆ ಅ 8, ಇ 12, ಉ 7 ಅಂಕಗಳನ್ನು ಪಡೆಯುವುವು. ಒಂಬತ್ತೂ ಮಂದಿಯ ಮನಸ್ಸಿಗೆ ಹತ್ತಿರವಾದುದು ಇ. ಆದುದರಿಂದ ಕೈಯೆತ್ತಿಸಿ ಎಣಿಸುವ ಬದಲು, ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ತಮ್ಮ ಕ್ರಮವನ್ನು ಗುಟ್ಟಾಗಿ ಬರೆದುಕೊಡುವುದು ಲೇಸು.

ರಸವನ್ನು ಅಳೆಯಲು ಹೊರಟಿರಾ ಎಂದು ಹಿರಿಯರು ನಮ್ಮನ್ನು ಆಕ್ಷೇಪಿಸಬಹುದು. ಇಲ್ಲ. ರಸವನ್ನು ಅಳೆಯುವ ಮೀಟರು ನಮ್ಮ ಪ್ರಯೋಗಶಾಲೆಯಲ್ಲಿಲ್ಲ. ಮುಂದೆ ಬರುವುದೆಂದೂ ನಾವು ನಂಬುವುದಿಲ್ಲ. ಗದಗಿನ ಸೀಮೆಯ ಹುಡುಗ ಭೀಮಸೇನ ಜೋಶಿಯವರು ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ಪ್ಲೇಟೊಂದನ್ನು ಕೇಳಿ ಮರುಳಾಗಿ, 1933ರಲ್ಲಿ ತಮ್ಮ 11ನೆಯ ವಯಸ್ಸಿನಲ್ಲಿ ಗುರುವನ್ನು ಹುಡುಕುತ್ತ ಮನೆ ಬಿಟ್ಟುದು ಎಲ್ಲರೂ ಬಲ್ಲ ಕತೆ. ಆ ಪ್ಲೇಟುಗಳ ಒಂದು ಮುಖದಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷಗಳ ಗಾನ, ಅದೂ ಮುಳ್ಳಿನ ಗರಗರ ಸದ್ದಿನೊಡನೆ. ಯಂತ್ರದ ಲೆಕ್ಕದಲ್ಲಿ ಅದು ಇಂದಿನ ಅತಿ ಅಗ್ಗದ ಮೊಬೈಲಿನ ಮುದ್ರಣಕ್ಕೂ ಸಮನಲ್ಲ. ಆದರೂ ಅದರೊಳಗಿನ ದನಿಯು ಒಬ್ಬ ಹುಡುಗನ ಬಾಳನ್ನು ತಿರುಗಿಸಿತು. ಅಂಥ ದನಿಯು ಗಟ್ಟಿತನದ ಕೆಳಗೆ, ಹೆಸರಿನ ಕೆಳಗೆ, ಲಕ್ಷಗಳ ಎಣಿಕೆಯ ಕೆಳಗೆ ಹೂತುಹೋಗಬಾರದೆಂಬುದಷ್ಟೇ ನಮ್ಮ ಕಾಳಜಿ. ಅಳತೆಯಿಂದ ಶ್ರೇಷ್ಠವು ಗೊತ್ತಾಗದಿದ್ದರೂ ಸುಳ್ಳು ತೂಕದ ಕಲ್ಲುಗಳನ್ನು ಹೊರಗೆಸೆಯಬಹುದು. ಅನಂತರ ಉಳಿಯುವ ಭಿನ್ನಾಭಿಪ್ರಾಯವೇ ನಿಜವಾದ ಅಭಿರುಚಿ. ವಾದಿಸಲು ಯೋಗ್ಯವಾದುದು ಅದೇ. ವಚನದ ಅರ್ಥಕ್ಕೆ ರಾಗವು ಹೊಂದಿತೇ, ಮಾತು ಮುರಿಯಿತೇ, ಗಾಯಕರ ಪರಂಪರೆ ಯಾವುದು ಎಂಬ ಪ್ರಶ್ನೆಗಳನ್ನು ಆಗ ಧಾರಾಳವಾಗಿ ಎತ್ತಬಹುದು. ಅದಕ್ಕಾಗಿ ಹೆಸರುಗಳ ಮೇಲಿನ ತೆರೆಯನ್ನು ಸರಿಸಲೂಬಹುದು.

ನಮ್ಮ ತಪ್ಪಿನಿಂದ ಆ ಹೊಸ ಗಾಯಕಿಗೆ ಎಷ್ಟು ನಷ್ಟವಾಯಿತೋ ನಾವರಿಯೆವು. ಒಂದು ಕೂಟದ ಹತ್ತು ಕೈಗಳು ದೊಡ್ಡವೇನೂ ಅಲ್ಲ; ಆದರೆ ಊರೂರಿನಲ್ಲಿಯೂ ಅಂಥ ಹತ್ತು ಕೈಗಳು ಹೀಗೆಯೇ ಏಳುತ್ತಿರುವುವು. ಈ ವರ್ಷದ ಕೊನೆಯ ಭಾನುವಾರ ನಾರಾಯಣಪುರದಲ್ಲಿ ಗೆಳೆಯರು ಮತ್ತೆ ಕಲೆಯಲಿರುವರು. ಮಟ್ಟವನ್ನು ಅಳೆಯುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳಿಬ್ಬರು ವಹಿಸಿಕೊಂಡಿರುವರು. ಹೆಸರುಗಳನ್ನು ಮುಚ್ಚಿ ಹಾಡುಗಳ ಸರದಿಯನ್ನು ಕಲೆಸುವ ಕೆಲಸ ಮತ್ತೊಬ್ಬರದು. ವಾಚಕರು ತಮ್ಮ ಊರುಗಳಲ್ಲಿಯೂ ಹೀಗೆಯೇ ಮಾಡಿ ನೋಡಲಿ. ಚಹಾ ತಣ್ಣಗಾಗುವವರೆಗೆ ವಾದವು ಆಮೇಲೂ ನಡೆಯುವುದು, ನಡೆಯಲಿ. ಆದರೆ ಅದು ಹಾಡನ್ನು ಕುರಿತು ನಡೆಯಲಿ.