ಸಾಲಿ ಎಲ್ಲೂ ಓಡಿ ಹೋಗಂಗಿಲ್ಲ

ಮಕ್ಕಳನ್ನ ಕರಕೊಂಡು ಒಂದು ವರ್ಷ ಜಗತ್ತು ಸುತ್ತಿ ಬರ್ತೀವಿ ಅಂತ ಯಾರರ ಬಾಯಿ ಬಿಟ್ಟರ ಸಾಕು, ಬೀಗರು, ಬಾಜೂ ಮನಿಯವರು, ಎಲ್ಲಾರದೂ ಒಂದೇ ರಾಗ: "ಅಯ್ಯ, ಸಾಲಿ ಹೆಂಗ?" ರೊಕ್ಕ ಎಲ್ಲಿಂದ ತರ್ತೀರಿ ಅಂತ ಕೇಳಿದ್ರ ಅದು ಖರೇ ಪ್ರಶ್ನಿ. ಸಾಲಿ ಮಾತು ಬರೇ ನೆಪ ಅಂತೀನಿ ನಾ.

ಮದುವಿ, ಮುಂಜವಿ, ಜಾತ್ರಿ ಅಂತ ವಾರಗಟ್ಟಲೆ ರಜಾ ಹಾಕಸೋವಾಗ ನಮಗ್ಯಾರಿಗೂ ಸಾಲಿ ನೆನಪಾಗಂಗಿಲ್ಲ. ಒಂದು ವರ್ಷ ಅಂದಕೂಡ್ಲೆ ಎದಿ ಧಸಕ್ ಅಂತದ. ಯಾಕಂದ್ರ ನಮ್ಮ ಅಂಜಿಕಿ ಕಲಿಯೋದರ ಬಗ್ಗೆ ಅಲ್ಲ, ಸೀಟಿನ ಬಗ್ಗೆ. ರಾತ್ರಿಯಿಂದ ಪಾಳಿ ಹಚ್ಚಿ ಹಿಡದ ಸೀಟು ಹೋದ್ರ? ಬಾಜೂ ಮನಿ ಹುಡುಗ ಮುಂದ ಹೋದ್ರ?

ಕಾಯ್ದೆ ಏನ್ ಹೇಳ್ತದ ನೋಡ್ರಿ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳದು. ನಡುವ ಸಾಲಿ ತಪ್ಪಿದ ಮಗು ಹೊಳ್ಳಿ ಬಂದ್ರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೋಬೇಕು, ಹಿಂದ ಬಿದ್ದಿದ್ರ ವಿಶೇಷ ತರಬೇತಿ ಕೊಡಬೇಕು. ಟಿ.ಸಿ. ತಡ ಆತು ಅಂತ ಸರಕಾರಿ ಸಾಲಿಯವರು ವಾಪಸ್ ಕಳಸೋ ಹಂಗಿಲ್ಲ. ಖಾಸಗಿ ಸಾಲಿಯವರು ನಿಮ್ಮ ಸೀಟು ಹಿಡದಿಡ್ತಾರೋ ಇಲ್ಲೋ, ಅದು ಬ್ಯಾರೆ ಮಾತು. ಅಂದ್ರ ತಪ್ಪೋದು ಸಾಲಿ ಅಲ್ಲ, ಆ ಒಂದು ಸಾಲಿ. ಸರಕಾರಿ ಸಾಲಿ ಬಾಗಿಲಾ ತುಳಿಯೋದು ಅವಮಾನ ಅಂತ ಅನಿಸಿದ್ರ ಅದನ್ನ ಬಾಯಿಬಿಟ್ಟು ಹೇಳ್ರಿ, ಮಕ್ಕಳ ಭವಿಷ್ಯದ ಮ್ಯಾಲೆ ಹಾಕಬ್ಯಾಡ್ರಿ.

ಆ ಬಾಗಿಲಾ ತಗದಿಟ್ಟದ್ದು ನಮ್ಮಂಥವರ ಸಲುವಾಗಿ ಅಲ್ಲ, ಅದೂ ನೆನಪಿರಲಿ. ನಮ್ಮ ಕಡೆ ಕಬ್ಬು ಕಡಿಯೋ ಹಂಗಾಮದಾಗ ಅಪ್ಪ-ಅವ್ವನ ಜೊತಿ ತಿಂಗಳಗಟ್ಟಲೆ ಊರು ಬಿಡೋ ಮಕ್ಕಳು ಇದ್ದಾರ. ಎತ್ತಿನ ಗಾಡಿ, ಟ್ರ್ಯಾಕ್ಟರ್ ಹತ್ತಿ ಹೋದವರಿಗೆ 'ಸಾಲಿ ಬಿಟ್ಟವರು' ಅಂತ ಹೆಸರು, ವಿಮಾನ ಹತ್ತಿದವರಿಗೆ 'ಅನುಭವ' ಅಂತ ಹೆಸರು. ತಪ್ಪಿದ ದಿನ ಇಬ್ಬರವೂ ಅಷ್ಟೇ. ನಮ್ಮ ಮಗು ಹೊಳ್ಳಿ ಬಂದು ಕಲೀತದ ಅನ್ನೋ ನಂಬಿಗಿ ಇದ್ದವರು ಆ ಮಕ್ಕಳಿಗೂ ಅದೇ ನಂಬಿಗಿ ಕೊಡ್ರಿ.

ಇನ್ನ ಹೋಗೋದಂದ್ರ ಮೂವತ್ತು ದೇಶ, ಮುನ್ನೂರು ಫೋಟೋ ಅಲ್ಲ. ನಮ್ಮ ಪಾಸ್‌ಪೋರ್ಟಿಗೆ ಅದು ಸಲೀಸೂ ಅಲ್ಲ. ಯುರೋಪಿನ ಶೆಂಗೆನ್ ವೀಸಾ ಸಿಕ್ಕರೂ 180 ದಿನದಾಗ 90 ದಿನಕ್ಕಿಂತ ಹೆಚ್ಚು ಇರೋ ಹಂಗಿಲ್ಲ, ಅರ್ಜಿನೂ ಸಾಮಾನ್ಯವಾಗಿ ನಾವು ವಾಸ ಇರೋ ದೇಶದಿಂದನ ಹಾಕಬೇಕು. ಆಫ್ರಿಕಾ, ದಕ್ಷಿಣ ಅಮೆರಿಕಾದ ಎಷ್ಟೋ ದೇಶಕ್ಕ ಹೋಗಿ ಬರಬೇಕಂದ್ರ ಹತ್ತು ದಿನ ಮೊದಲ ಹಳದಿ ಜ್ವರದ ಲಸಿಕಿ ಹಾಕಿಸಿಕೋಬೇಕು. ಅದಕ್ಕ ನಾಕೈದು ಜಾಗಾ ಆರಿಸಿಕೊಂಡು ಒಂದೊಂದರಾಗ ತಿಂಗಳು, ಎರಡು ತಿಂಗಳು ಇರ್ರಿ. ಸಂತಿಗೆ ಹೋಗ್ರಿ, ಅಡಗಿ ಮಾಡ್ರಿ.

ಆವಾಗ ಪಾಠ ತಾನ ಬರ್ತದ. ಕಾಠ್ಮಂಡುದಾಗ ಗಡಿಯಾರ ಹದಿನೈದು ನಿಮಿಷ ಮುಂದ ಮಾಡಿದ ಹುಡುಗಿ ರೇಖಾಂಶ ಏನು ಅಂತ ತಾನ ಕೇಳ್ತಾಳ. ದಿನಾಂಕ ರೇಖೆ ಅಂದ್ರ ಏನು ಅಂತ ಸಮೋವಾದಾಗ ಕೇಳಿದ್ರ ಅಲ್ಲಿಯವರು 2011ರ ಡಿಸೆಂಬರ್ 30 ತಮಗ ಬರಲೇ ಇಲ್ಲ ಅಂತ ಹೇಳ್ತಾರ. ಕಾಂಬೋಡಿಯಾದ ಅಂಕೋರ್ ವಾಟ್ 12ನೇ ಶತಮಾನದಾಗ ವಿಷ್ಣುವಿನ ಗುಡಿ ಆಗಿ ಕಟ್ಟಿದ್ದು ಅಂತ ಗೊತ್ತಾದ ಹುಡುಗ ಹಂಪಿಗೆ ಹೋದಾಗ ಬ್ಯಾರೆ ಕಣ್ಣಿಲೆ ನೋಡ್ತಾನ.

ಎಲ್ಲಾನೂ ತಾನ ಬರ್ತದ ಅನ್ನೋದೂ ಸುಳ್ಳು. ಮಗ್ಗಿ, ಭಿನ್ನರಾಶಿ, ಕನ್ನಡ ಬರಿಯೋದು ದಿನಾ ಒಂದು ತಾಸು ಕೂತು ಮಾಡಬೇಕು. ಹತ್ತನೇತ್ತಾ ಇದ್ದಾಗ ಹೋಗಬ್ಯಾಡ್ರಿ, ಪರೀಕ್ಷಾಕ್ಕ ಕೂಡಲಿಕ್ಕೆ ಹಾಜರಾತಿ ಬೇಕು. ನಾಕನೇತ್ತಾದಿಂದ ಏಳನೇತ್ತಾದೊಳಗ ಸರಿ. ಮುಖ್ಯ, ಮಕ್ಕಳನ್ನ ಕೇಳ್ರಿ. ಗೆಳತಿ ಬಿಟ್ಟು ಬರಂಗಿಲ್ಲ ಅಂತ ಮಗಳು ಅತ್ತರ ಅದು ಹಟ ಅಲ್ಲ, ಆಕಿ ಲೆಕ್ಕದಾಗ ಅದೇ ಜಗತ್ತು. ನಿಮ್ಮ ಆಸೆನ್ನ ಆಕಿ ಶಿಕ್ಷಣ ಅಂತ ಮಾರಬ್ಯಾಡ್ರಿ.

ರೊಕ್ಕ ಇಲ್ಲಂದ್ರ ಇಲ್ಲ ಅನ್ರಿ, ಮನಸಿಲ್ಲಂದ್ರ ಇಲ್ಲ ಅನ್ರಿ, ಎರಡೂ ಮರ್ಯಾದಿ ಮಾತು. ರೊಕ್ಕನೂ ಮನಸ್ಸೂ ಇದ್ದು, ಮಕ್ಕಳೂ ಹೂಂ ಅಂದಮ್ಯಾಲೆ ಸಾಲಿ ಹೆಸರು ಹೇಳಿ ಮನ್ಯಾಗ ಕೂಡಬ್ಯಾಡ್ರಿ.