ಸಂಶೋಧನಾರ್ಥಿಗಳ ಕಣ್ಣಿಗೆ ಕಾಣದ ತೊಡಕು



ನನ್ನ ಅಕ್ಕನ ಮಗಳು ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಾಳೆ. ಅವಳಿಗೆ ಆಟಿಸಂ ಇದೆ. ದಿನವಿಡೀ ಗ್ರಂಥಾಲಯದಲ್ಲಿ ಕೂತು ಓದಬಲ್ಲಳು. ಆದರೆ ಮಾರ್ಗದರ್ಶಕರು ಕಾರಿಡಾರಿನಲ್ಲಿ ನಡೆಯುತ್ತಲೇ ಹೇಳಿಬಿಡುವ ತಿದ್ದುಪಡಿಗಳು, ದಿಢೀರನೆ ಬದಲಾಗುವ ಸಭೆಯ ಸಮಯ ಅವಳನ್ನು ಕಂಗೆಡಿಸುತ್ತವೆ. ಸಲಹಾ ಸಮಿತಿಯ ಮುಂದೆ ಉತ್ತರಿಸಲು ತುಸು ತಡವಾದರೂ ‘ತಯಾರಿ ಸಾಲದು’ ಎಂಬ ಷರಾ ಬೀಳುತ್ತದೆ.

ಅಂಗವಿಕಲರ ಹಕ್ಕುಗಳ ಕಾಯ್ದೆ-2016ರ 21 ವರ್ಗಗಳಲ್ಲಿ ಆಟಿಸಂ ಮತ್ತು ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಗಳೂ ಸೇರಿವೆ. ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯವಿರುವ ಸಂಶೋಧನಾರ್ಥಿಗಳಿಗೆ ಎರಡು ವರ್ಷ ಹೆಚ್ಚುವರಿ ಅವಧಿ ಕೊಡಲು ಯುಜಿಸಿಯ 2022ರ ನಿಯಮಾವಳಿಯಲ್ಲಿ ಅವಕಾಶವಿದೆ. ಅಷ್ಟು ಶೇಕಡಾವಾರಿನ ಪ್ರಮಾಣಪತ್ರ ಸಿಗದವರು, ಕಾಯ್ದೆಯ ಪಟ್ಟಿಯಲ್ಲೇ ಇಲ್ಲದ ಎಡಿಎಚ್‌ಡಿ ಇರುವವರು ಯಾರ ಬಳಿ ಹೋಗಬೇಕು? ಅವಧಿ ಹೆಚ್ಚಿಸಿದರಷ್ಟೇ ಸಾಲದು ಕೂಡ. ಲಿಖಿತ ಪರೀಕ್ಷೆಗಾದರೆ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ಸಿಗುತ್ತಾರೆ. ಸಂಶೋಧನೆಯಲ್ಲಿ ಎಲ್ಲವೂ ಒಬ್ಬ ಮಾರ್ಗದರ್ಶಕರ ತಾಳ್ಮೆಯ ಮೇಲೆ ನಿಂತಿರುತ್ತದೆ.

ಪ್ರತಿ ಭೇಟಿಯ ನಂತರ ಮುಂದೇನು ಮಾಡಬೇಕೆಂದು ಮಾರ್ಗದರ್ಶಕರು ನಾಲ್ಕು ಸಾಲು ಬರೆದು ಕಳಿಸಲಿ. ಸಮಿತಿಯವರು ಮುಖ್ಯ ಪ್ರಶ್ನೆಗಳನ್ನು ಮೊದಲೇ ತಿಳಿಸಲಿ, ಬೇಕಾದವರು ಬರವಣಿಗೆಯಲ್ಲಿ ಉತ್ತರಿಸಲಿ. ಇದಕ್ಕೆಲ್ಲ ಅನುದಾನ ಬೇಕಿಲ್ಲ. ನಿಮ್ಹಾನ್ಸ್‌ನಂಥ ಸಂಸ್ಥೆಯ ತಜ್ಞರಿಂದ ಮಾರ್ಗದರ್ಶಕರಿಗೆ ತರಬೇತಿ ಕೊಡಿಸಿದರೆ ಇನ್ನೂ ಒಳ್ಳೆಯದು. ಪ್ರಮಾಣಪತ್ರದ ಶೇಕಡಾವಾರು ನೋಡದೆ ಈ ಅನುಕೂಲಗಳನ್ನು ಎಲ್ಲರಿಗೂ ಕೊಡುವಂತೆ ಉನ್ನತ ಶಿಕ್ಷಣ ಇಲಾಖೆ ಮುಂದಿನ ಪಿಎಚ್‌.ಡಿ. ನೋಂದಣಿಗೆ ಮುನ್ನ ಎಲ್ಲ ವಿಶ್ವವಿದ್ಯಾಲಯಗಳಿಗೆ ಸುತ್ತೋಲೆ ಹೊರಡಿಸಬೇಕೆಂದು ವಿನಂತಿ.

– ಓರ್ವ ಓದುಗಿ, ತಿಪಟೂರು